ಮಕ್ಕಳ ಲಸಿಕೆ ಕಾರ್ಡು ಬೀರುವಿನಲ್ಲಿದೆ, ನಮ್ಮದು ಎಲ್ಲಿದೆ?

ಕುವೆಂಪುನಗರದ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಒಂದು ಪೇಚಿನ ವಿಷಯ. ಮಗಳು ಅಮೆರಿಕದಲ್ಲಿದ್ದಾಳೆ, ನವೆಂಬರಿಗೆ ಹೆರಿಗೆ. ಬಾಣಂತನಕ್ಕೆ ನಾನೂ ನಮ್ಮ ಮನೆಯವರೂ ಹೊರಟಿದ್ದೇವೆ. ಸಾರಿನ ಪುಡಿ, ಬಾಣಂತಿ ಖಾರ, ಅಂಟಿನುಂಡೆ ಎಲ್ಲಕ್ಕೂ ಪಟ್ಟಿ ಆಗಿದೆ. ಮೊನ್ನೆ ಫೋನಿನಲ್ಲಿ ಮಗಳು, "ಅಪ್ಪಾ, ನೀವಿಬ್ಬರೂ ನಾಯಿಕೆಮ್ಮಿನ ಲಸಿಕೆ, ಫ್ಲೂ ಲಸಿಕೆ ಹಾಕಿಸಿಕೊಂಡೇ ಬನ್ನಿ, ಇಲ್ಲಿನ ಮಕ್ಕಳ ಡಾಕ್ಟರು ಹೇಳಿದ್ದಾರೆ, ಮಗು ಮುಟ್ಟುವುದಕ್ಕೆ ಎರಡು ವಾರ ಮುಂಚೆ ಆಗಿರಬೇಕಂತೆ" ಅಂದಳು. ನನಗೆ ನಗು ಬಂತು. ಅರವತ್ತೆರಡು ವರ್ಷದವನಿಗೆ ನಾಯಿಕೆಮ್ಮಿನ ಸೂಜಿ! ಅವಳು ನಗಲಿಲ್ಲ. "ಕೊನೆಯ ಸಲ ಯಾವ ಲಸಿಕೆ, ಯಾವಾಗ ಹಾಕಿಸಿದ್ದೀರಿ, ಬರೆದು ಕಳಿಸಿ" ಅಂದಳು.

ಇಲ್ಲಿ ಸಿಕ್ಕಿಹಾಕಿಕೊಂಡೆ. ಬೀರು ತೆಗೆದರೆ ಮಗಳ ಕಾರ್ಡಿದೆ, ಮಗನ ಕಾರ್ಡಿದೆ, ಮಡಿಚಿದ ಕಡೆ ಹರಿದಿದ್ದರೂ ತಾರೀಖು ಎಲ್ಲಾ ಸ್ಪಷ್ಟ. ನಮ್ಮ ನಾಯಿಯದೂ ಇದೆ ಸ್ವಾಮಿ, ಸೀಸೆಯ ಲೇಬಲ್ ಅಂಟಿಸಿ ಡಾಕ್ಟರು ಸಹಿ ಹಾಕಿದ್ದು. ನನ್ನದು? ಕೋವಿಡ್ ಸರ್ಟಿಫಿಕೇಟ್ ಬಿಟ್ಟರೆ ಒಂದು ಚೀಟಿಯೂ ಇಲ್ಲ. ಎಡತೋಳಿನ ಮೇಲೆ ಚಿಕ್ಕಂದಿನಲ್ಲಿ ಮೈಲಿ ಹಾಕಿಸಿದ ದುಂಡು ಗುರುತಿದೆ, ಅಷ್ಟೇ ನನ್ನ ದಾಖಲೆ. ಮೂವತ್ತು ಚಿಲ್ಲರೆ ವರ್ಷ ಪಾಠ ಮಾಡಿದ್ದೇನೆ, ಶಾಲೆಗೆ ಸಿಸ್ಟರ್ ಬಂದಾಗ ಅಳುವ ಹುಡುಗರ ಕೈ ಹಿಡಿದು ನಿಲ್ಲಿಸಿದವನೇ ನಾನು. ನಿಮ್ಮಲ್ಲಿ ಯಾರಾದರೂ ದೊಡ್ಡವರಾದ ಮೇಲೆ ಲಸಿಕೆ ಲೆಕ್ಕ ಇಟ್ಟವರು ಇದ್ದೀರಾ?

ಆಲೆಮನೆ ಹುಡುಗ, ಮಂಡ್ಯ:

ಮೇಷ್ಟ್ರೇ, ನಗಬೇಡಿ. ನಮ್ಮ ಚಿಕ್ಕಪ್ಪನ ಕತೆ ಹೇಳುತ್ತೇನೆ.

ಕಬ್ಬು ಕಡಿದ ಗದ್ದೆಯಲ್ಲಿ ಬರಿಗಾಲಲ್ಲಿ ನಡೆಯುವಾಗ ಕೂಳೆ ಪಾದಕ್ಕೆ ಚುಚ್ಚಿತು. ಕತ್ತಿಯಲ್ಲ, ಮೊಳೆಯಲ್ಲ, ಕಬ್ಬಿನ ಕೂಳೆ. ನಮ್ಮ ಕಡೆ ದಿನಾ ಆಗೋದೇ ಅದು. ಅರಿಶಿನ ಒತ್ತಿ ಬಟ್ಟೆ ಕಟ್ಟಿಕೊಂಡರು, ಮೂರು ದಿನಕ್ಕೆ ಗಾಯ ಒಣಗಿತು, ಎಲ್ಲರೂ ಮರೆತೆವು. ಎಂಟೊಂಬತ್ತು ದಿನಕ್ಕೆ ಒಂದು ಬೆಳಗ್ಗೆ ಮುದ್ದೆ ಮುರಿದು ಬಾಯಿಗೆ ಇಡೋಕೆ ಹೋದರೆ ಬಾಯಿ ತೆರೆಯುತ್ತಿಲ್ಲ. ಹಲ್ಲು ನೋವು ಇರಬೇಕು ಅಂತ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಬಾಯಿ ಮುಟ್ಟಿ ನೋಡಿ, ಇದು ನನ್ನ ಕೇಸಲ್ಲ, ಈಗಲೇ ದೊಡ್ಡಾಸ್ಪತ್ರೆಗೆ ಹೋಗಿ ಅಂದರು. ಆ ಪುಣ್ಯಾತ್ಮ ಗುರುತಿಸಿದ್ದಕ್ಕೆ ಚಿಕ್ಕಪ್ಪ ಉಳಿದರು.

ಧನುರ್ವಾಯು ಅಂತ ಯಾಕೆ ಹೆಸರಿಟ್ಟರು ಅಂತ ಅವತ್ತು ರಾತ್ರಿ ಗೊತ್ತಾಯಿತು. ಬೆನ್ನು ನಿಜವಾಗಿ ಬಿಲ್ಲಿನ ಹಾಗೆ ಬಾಗುತ್ತದೆ. ಬಾಗಿಲು ದಢಾರ್ ಅಂದರೆ ಸಾಕು, ಬೆಳಕು ಬಿದ್ದರೆ ಸಾಕು, ಮೈಯೆಲ್ಲ ಸೆಟೆದುಕೊಳ್ಳುತ್ತದೆ. ಜ್ಞಾನ ಪೂರ್ತಿ ಇರುತ್ತದೆ, ಅದೇ ಘೋರ. ಕತ್ತಲು ಕೋಣೆಯಲ್ಲಿ ಇಟ್ಟು, ಉಸಿರಿಗೆ ಯಂತ್ರ ಹಾಕಿ, 24 ದಿನ. ಎರಡು ಹಸು ಮಾರಿದೆವು, ಆ ವರ್ಷದ ಕಬ್ಬಿನ ದುಡ್ಡು ಪೂರ್ತಿ ಹೋಯಿತು. ಬಿಡುಗಡೆ ದಿನ ಡಾಕ್ಟರು ಹೇಳಿದ ಮಾತು ಕೇಳಿ: ಈ ಕಾಯಿಲೆ ಒಂದು ಸಲ ಬಂದರೆ ಮತ್ತೆ ಬರಲ್ಲ ಅಂದುಕೊಳ್ಳಬೇಡಿ, ಬಂದು ಹೋದವರಿಗೂ ಲಸಿಕೆ ಬೇಕೇ ಬೇಕು.

ಸಿಸ್ಟರಕ್ಕ, ಪಾಂಡವಪುರ ಕಡೆ:

ಇಪ್ಪತ್ತು ವರ್ಷದಿಂದ ಪಿಎಚ್‌ಸಿಯಲ್ಲಿ, ಅಂದರೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಲ್ಲಿ ಎರಡು ಥರದ ಜನ ಬರುತ್ತಾರೆ. ಒಂದು, ಈಳಿಗೆಮಣೆ ಬೆರಳಿಗೆ ತಾಗಿದರೂ ಓಡಿ ಬಂದು "ಸಿಸ್ಟರ್, ಆರು ತಿಂಗಳಾಯಿತು, ಟಿ.ಟಿ. ಹಾಕಿ" ಅಂತ ಧನುರ್ವಾಯು ಸೂಜಿ ಕೇಳುವವರು. ಈ ಆರು ತಿಂಗಳ ಲೆಕ್ಕ ಎಲ್ಲಿಂದ ಬಂತೋ ದೇವರಿಗೇ ಗೊತ್ತು, ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಇನ್ನೊಂದು, ನಲವತ್ತು ವರ್ಷದಿಂದ ಮುಖವನ್ನೇ ತೋರಿಸದವರು. ಆಲೆಮನೆ ತಮ್ಮಾ, ನಿಮ್ಮ ಚಿಕ್ಕಪ್ಪ ಎರಡನೆಯ ಗುಂಪು.

ನಮ್ಮ ದೇಶದಲ್ಲಿ ಮಕ್ಕಳಿಗೆ ಲಸಿಕೆ ಹಾಕುವ ಸರ್ಕಾರಿ ಕಾರ್ಯಕ್ರಮ ಶುರುವಾಗಿದ್ದೇ 1978ರಲ್ಲಿ, ಅದು ದೊಡ್ಡದಾಗಿ ಹಳ್ಳಿ ಕಡೆಗೆ ಹರಡಿದ್ದು 1985ರ ಮೇಲೆ. ಅದಕ್ಕೆ ಮುಂಚೆ ಹುಟ್ಟಿದವರಲ್ಲಿ ಬಹಳ ಜನಕ್ಕೆ ಚಿಕ್ಕಂದಿನ ಡೋಸೇ ಇಲ್ಲ. ಹೆಂಗಸರಿಗೆ ಬಸುರಿಯಲ್ಲಿ ಟಿ.ಟಿ. ಸಿಕ್ಕಿದೆ. ಅದರಿಂದಲೇ ಬಾಣಂತಿ, ಹಸುಗೂಸಿನ ಧನುರ್ವಾಯು 2015ರ ಹೊತ್ತಿಗೆ ದೇಶದಲ್ಲಿ ಹತೋಟಿಗೆ ಬಂತು. ಐವತ್ತು ದಾಟಿದ ಗಂಡಸರಿಗೆ ಯಾರು ಹಾಕಿದ್ದಾರೆ ಹೇಳಿ? ಗದ್ದೆ, ಸಗಣಿ, ಗೊಬ್ಬರದಲ್ಲಿ ಕಾಲಿಟ್ಟುಕೊಂಡು ನಿಲ್ಲುವವರು ಅವರೇ.

ತುಕ್ಕು ಹಿಡಿದ ಕಬ್ಬಿಣ ಚುಚ್ಚಿದರೆ ಮಾತ್ರ ಬರುತ್ತದೆ ಅನ್ನುವುದೂ ಸುಳ್ಳು. ರೋಗಾಣು ಇರುವುದು ಮಣ್ಣಿನಲ್ಲಿ, ದನದ ಸಗಣಿಯಲ್ಲಿ. ಮುಳ್ಳು ಸಾಕು, ಕೂಳೆ ಸಾಕು. ಮೇಲೆ ಸಣ್ಣಗೆ ಕಂಡು ಒಳಗೆ ಆಳ ಇರುವ ಗಾಯವೇ ಜಾಸ್ತಿ ಅಪಾಯ.

ಈಗ ಟಿ.ಟಿ. ಬದಲು ಟಿ.ಡಿ. ಅಂತ ಬಂದಿದೆ. ಧನುರ್ವಾಯು ಜೊತೆ ಗಂಟಲಮಾರಿಗೂ (ಡಿಫ್ತೀರಿಯಾ) ಸೇರಿಸಿದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಯಾವತ್ತೂ ಹಾಕಿಸಿಲ್ಲದವರು ಮೂರು ಸಲ ಹಾಕಿಸಿಕೊಳ್ಳಬೇಕು: ಇವತ್ತೊಂದು, ತಿಂಗಳು ಬಿಟ್ಟು ಒಂದು, ಆಮೇಲೆ ಆರು ತಿಂಗಳಿಂದ ವರ್ಷದ ಒಳಗೆ ಒಂದು. ಅಲ್ಲಿಂದ ಮುಂದೆ ಹತ್ತು ವರ್ಷಕ್ಕೊಮ್ಮೆ. ಪೂರ್ತಿ ಆದವರಿಗೆ ಮಣ್ಣು ಹತ್ತಿದ ಗಾಯವಾದಾಗ ಕೊನೆಯ ಡೋಸ್ ಆಗಿ ಐದು ವರ್ಷ ದಾಟಿದ್ದರೆ ಮತ್ತೊಂದು, ಚೊಕ್ಕಟವಾದ ಸಣ್ಣ ಗಾಯಕ್ಕೆ ಹತ್ತು ವರ್ಷ ದಾಟಿದ್ದರೆ ಮಾತ್ರ. ಯಾವತ್ತೂ ಹಾಕಿಸದವರು ಗಾಯ ಆದ ದಿನ ಬಂದು ಒಂದು ಸೂಜಿ ಚುಚ್ಚಿಸಿಕೊಂಡರೆ ಆ ಗಾಯಕ್ಕೆ ಅದು ಸಾಲದು. ಮೈ ಅದನ್ನು ಕಲಿತುಕೊಳ್ಳೋಕೆ ದಿನ ಬೇಕು. ಅಂಥವರಿಗೆ ದೊಡ್ಡ ಗಾಯವಾದರೆ ಇಮ್ಯುನೋಗ್ಲಾಬ್ಯುಲಿನ್ ಅಂತ ಬೇರೆ ಔಷಧಿಯೂ ಬೇಕಾಗುತ್ತದೆ. ಅದಕ್ಕೇ ಗಾಯಕ್ಕೆ ಮುಂಚೆ ಬನ್ನಿ ಅಂತ ಬಡಿದುಕೊಳ್ಳುವುದು.

ಸುಮ್ನೆ ಕೇಳ್ತೀನಿ:

ಎಲ್ಲಾ ಸರಿ. ಆದರೆ ನಮ್ಮ ತಾತ ಒಂದೂ ಸೂಜಿ ಇಲ್ಲದೆ 94 ವರ್ಷ ಗಟ್ಟಿಯಾಗಿದ್ದರು. ಈಗಿನವರಿಗೆ ಮಾತ್ರ ಮುಟ್ಟಿದ್ದಕ್ಕೆಲ್ಲ ಲಸಿಕೆ. ಕಂಪನಿಗಳ ವ್ಯಾಪಾರ ಇದು ಅಂತ ಯಾರೂ ಯಾಕೆ ಹೇಳುತ್ತಿಲ್ಲ?

ಅಗ್ರಹಾರದ ಅತ್ತೆ:

ನಿಮ್ಮ ತಾತನ ಒಡಹುಟ್ಟಿದವರು ಎಷ್ಟು ಜನಪ್ಪಾ? ಅದರಲ್ಲಿ ದೊಡ್ಡವರಾಗಿ ಮದುವೆ ಆದವರು ಎಷ್ಟು?

ಸುಮ್ನೆ ಕೇಳ್ತೀನಿ:

ಅಮ್ಮನ್ನ ಕೇಳಿದೆ. ಹುಟ್ಟಿದ್ದು ಹನ್ನೊಂದು, ಉಳಿದಿದ್ದು ನಾಲ್ಕು. ಸರಿ, ಆ ಮಾತು ವಾಪಸ್ ತಗೊಂಡೆ. ಆದರೆ ಇನ್ನೊಂದಿದೆ. ಕೋವಿಡ್ ಲಸಿಕೆ ಆದಮೇಲೆ ಚಿಕ್ಕ ವಯಸ್ಸಿನವರಿಗೆ ಹಾರ್ಟ್ ಅಟ್ಯಾಕ್ ಆಗುತ್ತಿರುವುದು ಸುಳ್ಳಾ? ಹಾಸನದಲ್ಲಿ ಒಬ್ಬರ ಹಿಂದೆ ಒಬ್ಬರು ಹಾಗೆ ಸತ್ತಿದ್ದು ನೋಡಿಲ್ಲವಾ?

ಓಪಿಡಿ ಡಾಕ್ಟರು, ಮೈಸೂರು:

ನೋಡಿದ್ದೇನೆ. 2025ರ ಜುಲೈನಲ್ಲಿ ಹಾಸನದ ಸುದ್ದಿ ಟೀವಿಯಲ್ಲಿ ಬಂದಾಗ ಇಲ್ಲಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಗ್ಗೆಯಿಂದಲೇ ಜನ ಜಾತ್ರೆಯ ಹಾಗೆ ಸಾಲು ನಿಂತಿದ್ದರು. ನಿಮ್ಮ ಪ್ರಶ್ನೆ ತಪ್ಪಲ್ಲ, ಮನೆಯಲ್ಲಿ ವಯಸ್ಸಿಗೆ ಬಂದ ಮಕ್ಕಳಿರುವ ಯಾರಿಗಾದರೂ ಹೆದರಿಕೆ ಆಗುತ್ತದೆ. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ಮುಂದಾಳುತನದಲ್ಲಿ ಸಮಿತಿ ಮಾಡಿ ತನಿಖೆ ಮಾಡಿಸಿತು. ಲಸಿಕೆಗೂ ಹಠಾತ್ ಸಾವಿಗೂ ಸಂಬಂಧ ಸಿಗಲಿಲ್ಲ. ಅದಕ್ಕೆ ಮುಂಚೆ 2023ರಲ್ಲಿ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು 47 ಆಸ್ಪತ್ರೆಗಳಿಂದ ಕಲೆಹಾಕಿ ನೋಡಿತ್ತು. ಅಲ್ಲೂ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಮನೆತನದಲ್ಲಿ ಹಠಾತ್ ಸಾವು, ವಿಪರೀತ ಕುಡಿತ, ಇಂಥವು ಎದ್ದು ಕಂಡವು.

ಹಾಗಂತ ಲಸಿಕೆಯಿಂದ ಏನೂ ಆಗುವುದೇ ಇಲ್ಲ ಅಂತ ನಾನು ಹೇಳಲ್ಲ. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ಬಹಳ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಿದ್ದು ನಿಜ, 2021ರಲ್ಲೇ ಗೊತ್ತಾಗಿತ್ತು. ಅದು ಬರುವುದು ಹಾಕಿಸಿಕೊಂಡ ಮೊದಲ ಕೆಲವು ವಾರದಲ್ಲಿ. ಮೂರು ನಾಲ್ಕು ವರ್ಷ ಕಳೆದು ಜಿಮ್ಮಿನಲ್ಲಿ ಕುಸಿದು ಬೀಳುವುದಕ್ಕೆ ಕಾರಣ ಬೇರೆ ಕಡೆ ಹುಡುಕಬೇಕು, ಅದರಲ್ಲಿ ಬಿ.ಪಿ., ಶುಗರ್, ಸಿಗರೇಟು ಮೊದಲು ಬರುತ್ತವೆ.

ಫ್ಲೂ ವಿಷಯ. ಮೇಷ್ಟ್ರೇ, ಅದನ್ನು ವರ್ಷ ವರ್ಷ ಹಾಕಿಸಬೇಕು. ವೈರಸ್ ವೇಷ ಬದಲಿಸುತ್ತಾ ಇರುತ್ತದೆ, ಲಸಿಕೆಯನ್ನೂ ಅದಕ್ಕೆ ತಕ್ಕ ಹಾಗೆ ಬದಲಿಸುತ್ತಾರೆ. ನಮ್ಮೂರಿನಲ್ಲಿ ಮಳೆಗಾಲಕ್ಕೆ ಮುಂಚೆ ಹಾಕಿಸಿದರೆ ಚೆನ್ನ. ಹೊಂದಿಕೆ ಚೆನ್ನಾಗಿರುವ ವರ್ಷವೂ ಅದು ಕಾಯಿಲೆಯನ್ನು ತಡೆಯುವುದು ಶೇ 40ರಿಂದ 60ರಷ್ಟು ಮಾತ್ರ. ಇದನ್ನು ಮುಚ್ಚಿಟ್ಟು ಮಾರಿದರೆ ಜನ ಆಮೇಲೆ ನಮ್ಮನ್ನು ನಂಬಲ್ಲ. ಹಾಕಿಸಿಕೊಂಡವರಿಗೂ ನೆಗಡಿ ಬರುತ್ತದೆ, ನೆಗಡಿ ತರುವ ವೈರಸ್‌ಗಳೇ ಇನ್ನೂರರ ಮೇಲಿವೆ. ನಾನು ಒತ್ತಾಯ ಮಾಡುವುದು ಶುಗರ್ ಇರುವವರಿಗೆ, ಉಬ್ಬಸದವರಿಗೆ, ಹೃದಯ, ಕಿಡ್ನಿ ತೊಂದರೆಯವರಿಗೆ, ಬಸುರಿಯರಿಗೆ, ವಯಸ್ಸಾದವರಿಗೆ. ಅವರಲ್ಲಿ ಫ್ಲೂ ನೇರ ನ್ಯುಮೋನಿಯಾಕ್ಕೆ ಇಳಿಯಬಹುದು. ಅದೇ ಜನಕ್ಕೆ ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಯೂ ಬೇಕು, ಅದು ವರ್ಷ ವರ್ಷ ಬೇಕಿಲ್ಲ.

ಸರಸ್ವತಿಪುರಂ ಸೊಸೆ:

ನಾನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ನಮ್ಮತ್ತೆಗೆ 68, ಹದಿನೈದು ವರ್ಷದಿಂದ ಶುಗರ್. ಹೋದ ವರ್ಷ ಯುಗಾದಿ ಹತ್ತಿರ ಎಡಗಡೆ ಪಕ್ಕೆ ಉರಿ ಅಂದರು. ಗ್ಯಾಸ್ ಅಂದುಕೊಂಡು ಓಮದ ನೀರು ಕೊಟ್ಟೆವು. ಮೂರನೇ ದಿನ ಬೆನ್ನಿನಿಂದ ಎದೆ ಕೆಳಗಿನವರೆಗೂ ಪಟ್ಟಿ ಎಳೆದ ಹಾಗೆ ಗುಳ್ಳೆ. ಎದುರುಮನೆಯವರು ನೋಡಿದ ತಕ್ಷಣ "ಸರ್ಪಸುತ್ತು, ಇಂಗ್ಲಿಷ್ ಔಷಧಿ ಮುಟ್ಟಬಾರದು" ಅಂದರು. ನಾಗರಕಟ್ಟೆಗೆ ಹಾಲೆರೆದು ಬಂದೆವು. ಯಾರೋ ಹಿರಿಯರು ಬಂದು ಕೆಮ್ಮಣ್ಣು ಹಚ್ಚಿ, ತಲೆ ಬಾಲ ಕೂಡದ ಹಾಗೆ ಗೆರೆ ಎಳೆದು ಮಂತ್ರ ಹಾಕಿದರು. ತಲೆ ಬಾಲ ಕೂಡಿದರೆ ಪ್ರಾಣ ಹೋಗುತ್ತದೆ ಅಂತ ಹೇಳಿ ನಮ್ಮತ್ತೆಗೆ ಇದ್ದ ಧೈರ್ಯವನ್ನೂ ತೆಗೆದರು. ಹೀಗೆ ಐದು ದಿನ ಕಳೆಯಿತು. ಡಾಕ್ಟರ ಹತ್ತಿರ ಹೋದರೆ ಅವರು ಬೈಯಲಿಲ್ಲ, ನಿಟ್ಟುಸಿರು ಬಿಟ್ಟರು. ಗುಳ್ಳೆ ಎದ್ದ ಮೂರು ದಿನದ ಒಳಗೆ ಬಂದಿದ್ದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿತ್ತಂತೆ.

ಗುಳ್ಳೆ ಮೂರು ವಾರಕ್ಕೆ ಒಣಗಿತು. ನೋವು ಹೋಗಲಿಲ್ಲ. ಎಂಟು ತಿಂಗಳು. ಸೀರೆ ಸೆರಗು ತಾಗಿದರೂ "ಅಯ್ಯೋ ಕೆಂಡ ಸುರಿದ ಹಾಗಿದೆ ಕಣೇ" ಅಂತ ಕಣ್ಣೀರು ಹಾಕುತ್ತಿದ್ದರು. ರಾತ್ರಿ ಫ್ಯಾನಿನ ಗಾಳಿ ಕೂಡ ಆಗುತ್ತಿರಲಿಲ್ಲ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ವರ್ಷಕ್ಕೊಮ್ಮೆ ಹತ್ತುತ್ತಿದ್ದ ಹೆಂಗಸು ಮನೆಯ ನಾಲ್ಕು ಗೋಡೆ ನೋಡುತ್ತಾ ಕೂತುಬಿಟ್ಟರು. ಇದಕ್ಕೊಂದು ಲಸಿಕೆ ಇದೆ ಅಂತ ನನಗೆ ಗೊತ್ತಾಗಿದ್ದು ಎಲ್ಲಾ ಆದಮೇಲೆ. ಮುಂಚೆ ಯಾಕೆ ಯಾರೂ ಹೇಳಲಿಲ್ಲ? ಶುಗರ್ ಚೆಕಪ್ಪಿಗೆ ಅಂತ ಮೂರು ತಿಂಗಳಿಗೊಮ್ಮೆ ಹೋಗುತ್ತಲೇ ಇದ್ದೆವಲ್ಲ. ಇದೊಂದು ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಓಪಿಡಿ ಡಾಕ್ಟರು, ಮೈಸೂರು:

ನಿಮ್ಮ ಸಿಟ್ಟು ಸರಿ ಅಮ್ಮ. ನೂರು ಜನ ಹೊರಗೆ ಕಾಯುವಾಗ ಶುಗರ್ ಎಷ್ಟು, ಮಾತ್ರೆ ಬರೆದೆ, ಮುಂದಿನವರು ಅಂತ ಆಗಿಹೋಗುತ್ತದೆ. ಲಸಿಕೆ ಮಾತು ಎತ್ತುವವರು ನಮ್ಮಲ್ಲೂ ಕಡಿಮೆ, ನಾನೂ ಸೇರಿ.

ಸರ್ಪಸುತ್ತು ಹಾವಿನ ಶಾಪ ಅಲ್ಲ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು, ನಾವು ಅಮ್ಮ ಅನ್ನುತ್ತೇವಲ್ಲ, ಅದು ಬಂದು ಹೋದಮೇಲೆ ಆ ವೈರಸ್ ಪೂರ್ತಿ ಹೋಗುವುದಿಲ್ಲ. ಬೆನ್ನುಹುರಿ ಪಕ್ಕದ ನರದ ಬುಡದಲ್ಲಿ ಮಲಗಿರುತ್ತದೆ. ವಯಸ್ಸಾಗಿ, ಶುಗರ್ ಏರಿ, ಮೈಯ ಶಕ್ತಿ ಕುಗ್ಗಿದಾಗ ಅದೇ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಆ ನರ ಬೆನ್ನಿನ ನಡುವಿನಿಂದ ಹೊರಟು ಎದೆಯ ನಡುವಿಗೆ ನಿಲ್ಲುತ್ತದೆ, ಆಚೆ ಬದಿಗೆ ಹೋಗುವುದಿಲ್ಲ. ಅದಕ್ಕೇ ತಲೆ ಬಾಲ ಕೂಡುವುದಿಲ್ಲ. ಕೆಮ್ಮಣ್ಣು ಹಚ್ಚದಿದ್ದರೂ ಕೂಡುತ್ತಿರಲಿಲ್ಲ.

ಲಸಿಕೆ ಶಿಂಗ್ರಿಕ್ಸ್, ಭಾರತಕ್ಕೆ ಬಂದಿದ್ದು 2023ರಲ್ಲಿ. ಐವತ್ತು ದಾಟಿದವರಿಗೆ ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳು. ದೊಡ್ಡ ಪರೀಕ್ಷೆಗಳಲ್ಲಿ ಶೇ 90ಕ್ಕಿಂತ ಜಾಸ್ತಿ ತಡೆದಿದೆ. ಒಂದು ಸಲ ಬಂದು ಹೋದವರಿಗೂ ಹಾಕಬಹುದು, ಗುಳ್ಳೆ ಪೂರ್ತಿ ವಾಸಿಯಾದಮೇಲೆ. ತೋಳು ನೋವು, ಒಂದೆರಡು ದಿನ ಮೈಕೈ ನೋವು ಜ್ವರ ಬರುತ್ತದೆ. ಬೆಲೆ ಮಾತ್ರ ದೊಡ್ಡ ತೊಡಕು, ಒಂದು ಡೋಸಿಗೇ ಹತ್ತು ಸಾವಿರದ ಆಚೀಚೆ.

ಆಲೆಮನೆ ಹುಡುಗ, ಮಂಡ್ಯ:

ಎರಡಕ್ಕೆ ಇಪ್ಪತ್ತು ಸಾವಿರ! ಅದು ಮೈಸೂರಿನವರ ಲಸಿಕೆ ಬಿಡಿ ಡಾಕ್ಟರೇ. ನಮ್ಮ ಆಲೆಮನೆ ಕೆಲಸದವರು ಎಲ್ಲಿಂದ ತರಬೇಕು?

ಸಿಸ್ಟರಕ್ಕ, ಪಾಂಡವಪುರ ಕಡೆ:

ತಮ್ಮಾ, ಈ ಮಾತು ನಿಜ. ದೊಡ್ಡವರ ಲಸಿಕೆ ಬಹುಪಾಲು ಸ್ವಂತ ದುಡ್ಡಿನದು. ಇದು ಸರಿಯಿಲ್ಲ ಅಂತ ನನ್ನ ಅಭಿಪ್ರಾಯ, ಇಲಾಖೆಯದಲ್ಲ. ಆದರೆ ದುಬಾರಿಯದನ್ನು ನೋಡಿ ಪುಕ್ಕಟೆಯದನ್ನೂ ಬಿಡುವುದು ಯಾವ ನ್ಯಾಯ? ಟಿ.ಡಿ. ಪುಕ್ಕಟೆ. ನಾಯಿ ಕಚ್ಚಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ರೇಬಿಸ್ ಸೂಜಿ ಪುಕ್ಕಟೆ. ಅದರಲ್ಲೂ ದೊಡ್ಡವರದೇ ತಕರಾರು. ಕಚ್ಚಿದ ಜಾಗಕ್ಕೆ ಸುಣ್ಣ, ಖಾರದಪುಡಿ ಮೆತ್ತಿಕೊಂಡು ಬರುತ್ತಾರೆ. ಅದರ ಬದಲು ನಲ್ಲಿ ಕೆಳಗೆ ಹದಿನೈದು ನಿಮಿಷ ಸೋಪು ಹಾಕಿ ತೊಳೆದು ಬನ್ನಿ. ಚರ್ಮದೊಳಗೆ ಕೊಡುವ ಸೂಜಿಯಾದರೆ ಮೊದಲ ದಿನ, ಮೂರು, ಏಳು, ಇಪ್ಪತ್ತೆಂಟು. ಮೂರಕ್ಕೆ ಬರುತ್ತಾರೆ, ಏಳಕ್ಕೆ ಬರುತ್ತಾರೆ, ಇಪ್ಪತ್ತೆಂಟಕ್ಕೆ "ನಾಯಿ ಚೆನ್ನಾಗೇ ಇದೆ ಸಿಸ್ಟರ್" ಅಂತ ಫೋನಿನಲ್ಲಿ ಹೇಳುತ್ತಾರೆ.

ಹೆಪಟೈಟಿಸ್ ಬಿ ಇನ್ನೊಂದು. ಮಕ್ಕಳಿಗೆ ದೇಶದ ಎಲ್ಲಾ ಕಡೆ ಇದನ್ನು ಹಾಕಲು ಶುರು ಮಾಡಿದ್ದು 2011ರ ಹೊತ್ತಿಗೆ. ಅಂದರೆ ಇಲ್ಲಿ ಬರೆಯುತ್ತಿರುವ ಬಹಳ ಜನಕ್ಕೆ ಆಗಿಲ್ಲ. ರಕ್ತದಿಂದ ಹರಡುತ್ತದೆ, ಒಬ್ಬರಿಗೆ ಹಾಕಿದ ಬ್ಲೇಡು ಇನ್ನೊಬ್ಬರಿಗೆ ಹಾಕಿದರೂ ಸಾಕು. ವರ್ಷಗಟ್ಟಲೆ ಸದ್ದಿಲ್ಲದೆ ಕೂತು ಲಿವರ್ ತಿನ್ನುತ್ತದೆ. ಮೂರು ಡೋಸ್: ಇವತ್ತು, ತಿಂಗಳಿಗೆ, ಆರು ತಿಂಗಳಿಗೆ. ಖಾಸಗಿಯಲ್ಲೂ ಇದು ಸರ್ಪಸುತ್ತಿನದರಷ್ಟು ದುಬಾರಿ ಅಲ್ಲ.

ಅಗ್ರಹಾರದ ಅತ್ತೆ:

ಕಂಪನಿ ವ್ಯಾಪಾರ ಅಂದಿರಲ್ಲ, ಒಂದು ಹಳೇ ಸಂಗತಿ. ಇದೇ ಮೈಸೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಸಿಡುಬಿನ ಲಸಿಕೆ ತಂದಾಗಲೂ ಜನ ಇದೇ ಮಾತು ಆಡಿರಬೇಕು, ಅದು ಆಗ ನಿಜವಾದ ಕಂಪನಿ! ಲಸಿಕೆ ಮುಂಬೈಗೆ ಬಂದಿದ್ದು 1802ರಲ್ಲಿ. 1805ರ ಸುಮಾರಿಗೆ ಥಾಮಸ್ ಹಿಕಿ ಅನ್ನುವ ಚಿತ್ರಗಾರ ನಮ್ಮ ಅರಮನೆಯ ಹೆಣ್ಣುಮಕ್ಕಳ ಚಿತ್ರ ಬರೆದಿದ್ದಾನೆ. ಅದರಲ್ಲಿ ಒಬ್ಬರು ಎಡತೋಳಿನ ಸೆರಗು ಸರಿಸಿದ್ದಾರೆ. ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ, ಲಸಿಕೆ ಹಾಕಿಸಿಕೊಂಡ ಜಾಗವನ್ನು ತೋರಿಸುತ್ತಿದ್ದಾರೆ ಅಂತ ಇತಿಹಾಸಕಾರರೊಬ್ಬರ ವಾದ. ನನಗೆ ಆ ವಾದ ಇಷ್ಟ. ಸೆರಗು ಬಿಗಿಯಾಗಿ ಹೊದೆಯುತ್ತಿದ್ದ ಕಾಲದಲ್ಲಿ ಅರಮನೆಯವರು ಸುಮ್ನೆ ತೋಳು ತೋರಿಸುತ್ತಾರಾ?

ಸುಮ್ನೆ ಕೇಳ್ತೀನಿ:

ಅತ್ತೆ, ನಿಮ್ಮ ಹತ್ತಿರ ವಾದ ಮಾಡೋದು ಕಷ್ಟ.

ಕುವೆಂಪುನಗರದ ಮೇಷ್ಟ್ರು:

ವರದಿ ಒಪ್ಪಿಸುತ್ತಿದ್ದೇನೆ. ನಾಯಿಕೆಮ್ಮು ಯಾಕೆ ಅಂತ ಮೊದಲು ಕೇಳಿ ತಿಳಿದುಕೊಂಡೆ. ದೊಡ್ಡವರಿಗೆ ಅದು ಸುಮ್ನೆ ವಾರಗಟ್ಟಲೆ ಬಿಡದ ಕೆಮ್ಮು, ಅಷ್ಟೇ. ಚಿಕ್ಕಂದಿನಲ್ಲಿ ಬಂದ ಶಕ್ತಿ ಸವೆದು ಹೋಗಿರುತ್ತದಂತೆ. ಆದರೆ ಹಸುಗೂಸಿಗೆ ಹತ್ತಿದರೆ ಅದು ಕೆಲವು ಸಲ ಕೆಮ್ಮುವುದೂ ಇಲ್ಲ, ಉಸಿರೇ ನಿಲ್ಲಬಹುದು. ಮಗುವಿಗೆ ಅದರದೇ ಲಸಿಕೆ ಶುರುವಾಗುವುದು ನಮ್ಮಲ್ಲಿ ಆರು ವಾರಕ್ಕೆ, ಅಲ್ಲಿ ಎರಡು ತಿಂಗಳಿಗೆ. ಅಲ್ಲಿಯವರೆಗೆ ಎತ್ತಿ ಆಡಿಸುವ ಅಜ್ಜ ಅಜ್ಜಿಯಿಂದಲೇ ಹರಡಬಹುದು. ಇದನ್ನು ಕೇಳಿದಮೇಲೆ ನಾನು ನಕ್ಕಿದ್ದು ನೆನೆದು ನಾಚಿಕೆ ಆಯಿತು.

ಧನುರ್ವಾಯು, ಗಂಟಲಮಾರಿ, ನಾಯಿಕೆಮ್ಮು ಮೂರೂ ಸೇರಿದ್ದು ಸರ್ಕಾರಿಯಲ್ಲಿ ಇಲ್ಲ, ಖಾಸಗಿಯಲ್ಲಿ ಹಾಕಿಸಿದೆವು. ಒಂದು ತೋಳಿಗೆ ಅದು, ಇನ್ನೊಂದಕ್ಕೆ ಫ್ಲೂ. ಎರಡು ದಿನ ಎರಡೂ ತೋಳು ಎತ್ತೋಕೆ ಆಗಲಿಲ್ಲ. ನನಗೆ ಕಾಫಿ ಕುಡಿಸಬೇಕಾಯಿತು ಅಂತ ನಮ್ಮ ಮನೆಯವರು ಬೀದಿಯೆಲ್ಲ ಹೇಳಿಕೊಂಡು ಬಂದಿದ್ದಾರೆ, ಅದು ಸುಳ್ಳು, ಲೋಟ ಮಾತ್ರ ಹಿಡಿದುಕೊಂಡಿದ್ದರು.

ತಮಾಷೆ ಏನೆಂದರೆ ಬರೆದುಕೊಡಿ ಅಂದರೆ ಅಲ್ಲಿ ದೊಡ್ಡವರ ಕಾರ್ಡೇ ಇರಲಿಲ್ಲ. ಮಕ್ಕಳ ಕಾರ್ಡಿನಲ್ಲೇ ಬರೆದುಕೊಟ್ಟರು. "ಮಗುವಿನ ಹೆಸರು" ಅನ್ನುವ ಜಾಗದಲ್ಲಿ ನನ್ನ ಹೆಸರು, "ಹುಟ್ಟಿದಾಗ ತೂಕ" ಖಾಲಿ. ಬೀರುವಿನಲ್ಲಿ ನಾಯಿಯ ಕಾರ್ಡಿನ ಪಕ್ಕದಲ್ಲಿ ಇಟ್ಟಿದ್ದಾರೆ. ಎರಡನೇ ಡೋಸಿಗೆ ಬರೀ ಟಿ.ಡಿ. ಸಾಕಂತೆ, ಹೊರಡುವ ಮುಂಚೆ ಹತ್ತಿರದ ಸರ್ಕಾರಿ "ನಮ್ಮ ಕ್ಲಿನಿಕ್"ನಲ್ಲಿ ವಿಚಾರಿಸುತ್ತೇನೆ. ಮೂರನೆಯದು ವಾಪಸ್ ಬಂದಮೇಲೆ.

ಆಲೆಮನೆ ಹುಡುಗ, ಮಂಡ್ಯ:

ನಮ್ಮ ಆಲೆಮನೆಯ ಒಂಬತ್ತು ಜನರನ್ನು ಮೊನ್ನೆ ಟೆಂಪೋದಲ್ಲಿ ತುಂಬಿಸಿಕೊಂಡು ಹೋಗಿ ಟಿ.ಡಿ. ಹಾಕಿಸಿಕೊಂಡು ಬಂದೆ. ಎಂಟು ಜನ ಬಂದರು ಅಂತ ಹೇಳಬೇಕು, ಒಬ್ಬ ಸೂಜಿ ನೋಡಿ ಬಸ್ ಹತ್ತಿ ಹೋದ. ಅವನು ಕೊಪ್ಪರಿಗೆ ಹತ್ತಿರ ಕುದಿಯುವ ಕಬ್ಬಿನ ಹಾಲಿಗೆ ಹೆದರದವನು.

ಸುಮ್ನೆ ಕೇಳ್ತೀನಿ:

ಫ್ಲೂ ಬಗ್ಗೆ ನನ್ನ ಅನುಮಾನ ಹಾಗೇ ಇದೆ, ಶೇ 40ಕ್ಕೆ ಅಷ್ಟು ದುಡ್ಡು ಕೊಡೋಕೆ ಮನಸ್ಸು ಬರುತ್ತಿಲ್ಲ. ಆದರೆ ನಮ್ಮನೆ ಹಿತ್ತಲಲ್ಲಿ ತಿಪ್ಪೆಗುಂಡಿ ಇದೆ, ದಿನಾ ಅದರಲ್ಲೇ ಕೈ. ಸಿಸ್ಟರ್, ಟಿ.ಡಿ.ಗೆ ಆಧಾರ್ ಕಾರ್ಡ್ ತರಬೇಕಾ?

ಸಿಸ್ಟರಕ್ಕ, ಪಾಂಡವಪುರ ಕಡೆ:

ತೋಳು ತಂದರೆ ಸಾಕು. ಗುರುವಾರ ಮಕ್ಕಳ ಗಲಾಟೆ ಇರುತ್ತದೆ, ಶುಕ್ರವಾರ ಬನ್ನಿ. ಆರು ತಿಂಗಳಿಗೆ ಮತ್ತೆ ಓಡಿ ಬರಬೇಡಿ, ನಾನು ಬರೆದುಕೊಟ್ಟ ತಾರೀಖಿಗೆ ಬನ್ನಿ.